ರಗಳೆ ಯಾರದ್ದು?

ಗುರುವಾಯನಕೆರೆ
26 ಮೇ 2024

ಪ್ರೀತಿಯ ಮಾಮಿ,

ಅಸ್ಸಲಾಮು ಅಲೈಕುಂ.

ಇವತ್ತು ಬೆಳಿಗ್ಗೆ ಒಂದು ಮೈನಾ ಹಕ್ಕಿ ನಮ್ಮ ಕುರಿಯ ಬೆನ್ನ ಮೇಲೆ ಕುಳಿತು, ಉದುರುತ್ತಿರುವ ಕೂದಲನ್ನು ಕೊಕ್ಕಿನ ತುಂಬ ಸೇರಿಸಿಕೊಂಡು ಹಾರಿಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಕುರಿ ಅಲುಗಾಡಲಿಲ್ಲ. ಕ್ಷೌರದಂಗಡಿಯ ಕುರ್ಚಿಯಲ್ಲಿ ಕುಳಿತ ಬಾಪನ ಹಾಗೆ ಕಣ್ಣು ಅರ್ಧ ಮುಚ್ಚಿಕೊಂಡು ನಿಂತಿತ್ತು. ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ನಿಮಗೆ ಫೋನಿನಲ್ಲಿ ಕಿವಿ ಕೇಳಿಸುವುದಿಲ್ಲ, ನನಗೆ ಫೋನಿನಲ್ಲಿ ಬಾಯಿ ಬರುವುದಿಲ್ಲ. ಹಾಗಾಗಿ ಈ ಪತ್ರ.

ಕುರಿಯಾ ಎಂದು ನೀವು ಕೇಳುವುದು ನನಗೆ ಇಲ್ಲಿಯೇ ಕೇಳಿಸುತ್ತಿದೆ. ಹೌದು, ಕುರಿ. ಮೂರು. ಉನೈಸ್ ಕಾಕ ಕಳೆದ ತಿಂಗಳು ದುಬೈಯಿಂದ ರಜೆಗೆ ಬಂದಾಗ, 'ಎಂ.ಎ. ಮುಗಿಸಿದ್ದಿ, ತಂಗಿಗೆ ಅಣ್ಣ ಏನು ಕೊಡಲಿ?' ಎಂದು ಕೇಳಿದ. ಬಳೆ ಅನ್ನುತ್ತೇನೆ ಅಂದುಕೊಂಡಿದ್ದ. ನಾನು ಕುರಿ ಅಂದೆ. ಮೊದಲು ನಕ್ಕ, ಆಮೇಲೆ ತರಿಸಿಯೇಬಿಟ್ಟ. ಸೇಲಂ ಕಡೆಯ ಲಾರಿಯಿಂದ ಮಾಣಿಯಲ್ಲಿ ಇಳಿಸಿ, ಪಿಕಪ್‌ನಲ್ಲಿ ಬಂಟ್ವಾಳ ದಾಟಿಸಿ ತಂದೆವು. ಇವುಗಳಿಗೆ ಉಣ್ಣೆ ಇಲ್ಲ. ಮೈಮೇಲೆ ಆಡಿನ ಹಾಗೆ ಗಿಡ್ಡ ಕೂದಲು. ದಾರಿಯಲ್ಲಿ ಹೋಗುವವರೆಲ್ಲ ಆಡು ಎಂದೇ ತಿಳಿಯುತ್ತಾರೆ. ಬಾಲ ನೋಡಿದರೆ ಗೊತ್ತಾಗುತ್ತದೆ. ಆಡಿನದ್ದು ಮೇಲೆ, ಇವುಗಳದ್ದು ಕೆಳಗೆ.

ದೊಡ್ಡ ಹೆಣ್ಣು ಕುರಿಗೆ ಷಟ್ಪದಿ ಎಂದು ಹೆಸರಿಟ್ಟಿದ್ದೇನೆ, ಸಣ್ಣದಕ್ಕೆ ಕಂದ, ಟಗರಿಗೆ ರಗಳೆ. ಮೂರೂ ನಾನು ಓದಿದ ಹಳೆಯ ಪದ್ಯಗಳ ಜಾತಿಗಳು. ಟಗರು ಬಂದ ದಿನವೇ ಉಮ್ಮನ ಶಾಲನ್ನು ಹಗ್ಗದಿಂದ ಎಳೆದು ತಿಂದದ್ದರಿಂದ ಅದರ ಹೆಸರು ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯಾಗಿದೆ.

ಬೇರೆ ಯಾವುದಕ್ಕೂ ಒಪ್ಪಿಗೆ ಇಲ್ಲ. ಪಕ್ಕದ ತೋಟದ ಧರ್ಣಪ್ಪಣ್ಣ ಬೇಲಿಯ ಆಚೆಯಿಂದಲೇ ಬಾಪನಿಗೆ, 'ನಮ್ಮ ಮಳೆಗೆ ಕುರಿ ನಿಲ್ಲುವುದಿಲ್ಲ ಶುಕೂರಾಕ, ಗೊರಸು ಕೊಳೆತು ಹೋಗ್ತದೆ' ಎಂದರು. ಬಾಪನ ಕೊಡೆಯಂಗಡಿಗೆ ಬಂದವರು, 'ಕುರಿಗೂ ಒಂದೊಂದು ರೈನ್‌ಕೋಟ್ ಕೊಡಿ' ಎಂದು ನಗುತ್ತಾರೆ. ಉಳಿದವರು ಬಕ್ರೀದಿಗೆ ಯಾವುದು ಎಂದು ಕೇಳುತ್ತಾರೆ. ಯಾವುದೂ ಇಲ್ಲ, ಇವು ಸಾಕಲಿಕ್ಕೆ ಎಂದು ಹೇಳಬೇಕೆನಿಸುತ್ತದೆ. ನಾನು ಒಳಗೆ ಹೋಗಿಬಿಡುತ್ತೇನೆ. ಬಾಪ 'ಮಳೆಗಾಲ ಕಳೆಯಲಿ, ಮತ್ತೆ ನೋಡುವ' ಅಂದಿದ್ದಾರೆ. ಅದರ ಅರ್ಥ ಮಳೆಗಾಲ ಕಳೆಯುವ ಹೊತ್ತಿಗೆ ನೋಡಲಿಕ್ಕೆ ಏನೂ ಉಳಿದಿರುವುದಿಲ್ಲ ಎಂದು.

ನೀವು ಆಡು ಸಾಕಿದವರು. ಏನಾದರೂ ಹೇಳಿ.

ನಿಮ್ಮ
ಫಾಹಿಮಾ


ಮೂಡುಬಿದಿರೆ
4 ಜೂನ್ 2024

ಫಾಹಿಮಾ ಮೋಳೇ,

ನಿನ್ನ ಪತ್ರ ಬಂತು. ಪೋಸ್ಟಿನವನು ಗೇಟಿನಲ್ಲಿ ನಿಂತು ಬೆಲ್ ಹೊಡೆದೂ ಹೊಡೆದೂ ಸುಸ್ತಾಗಿ ಕೊನೆಗೆ ಒಳಗೆ ಬಂದು ಕೈಗೇ ಕೊಟ್ಟ. ಎರಡು ಸಲ ಓದಿದೆ. ಸಾಕ್ಷರತೆಯ ಕ್ಲಾಸಿನಲ್ಲಿ ಲಾಟೀನು ಇಟ್ಟುಕೊಂಡು ಕಲಿತ ಅಕ್ಷರ ನೋಡು, ಕಿವಿ ಹೋದ ಮೇಲೆ ಅದೇ ನನಗೆ ಆಧಾರ. ಆವತ್ತು ನಿನ್ನ ಬಾಪ 'ಅಕ್ಕ, ಈ ವಯಸ್ಸಿನಲ್ಲಿ ಅ ಆ ಯಾಕೆ' ಅಂದಿದ್ದ. ಕೇಳು ಅವನ ಹತ್ತಿರ, ನೆನಪು ಉಂಟಾ ಅಂತ.

ಈಗ ಕುರಿಯ ವಿಷಯ. ನಿನಗೆ ಬುದ್ಧಿ ಇಲ್ಲ. ಬಳೆ ಕೇಳಿದ್ದರೆ ಬಳೆಗೆ ಮಳೆಗಾಲದಲ್ಲಿ ಶೀತ ಆಗ್ತಿರಲಿಲ್ಲ. ನಮ್ಮ ಮಳೆಗೆ ಆಡೇ ಮೂಗು ಸುರಿಸ್ತದೆ, ಇನ್ನು ಗಟ್ಟದ ಆಚೆಯ ಕುರಿ ಎಲ್ಲಿ ನಿಲ್ತದೆ? ಧರ್ಣಪ್ಪ ಹೇಳಿದ್ದು ಸರಿ. ಆದರೆ ತಂದಾಗಿದೆ, ಏನು ಮಾಡುವುದು. ನೆಲದ ಮೇಲೆ ಮಲಗಿಸಬೇಡ. ಹಲಗೆ ಹೊಡೆದು ಅಟ್ಟ ಮಾಡು, ನಡುವೆ ಸಂದು ಬಿಡು, ಹಿಕ್ಕೆ ಕೆಳಗೆ ಬೀಳಬೇಕು. ಒದ್ದೆ ಹುಲ್ಲು ಹಾಕಬೇಡ. ಹಲಸಿನ ಸೊಪ್ಪು ಹಾಕು. ಸಂಜೆ ಹೊಗೆ ಹಾಕು.

ನೀನು ಮನುಷ್ಯರ ಹತ್ತಿರ ಮಾತಾಡುವುದಿಲ್ಲ, ಅದಕ್ಕೇ ಮಾತು ಬಾರದ್ದನ್ನು ತಂದು ಕಟ್ಟಿಕೊಂಡಿದ್ದಿ ಅಂತ ನಾನು ಹೇಳಿದರೆ ನಿನಗೆ ಸಿಟ್ಟು ಬರ್ತದೆ. ಹಾಗಾಗಿ ಹೇಳುವುದಿಲ್ಲ.

ಷಟ್ಪದಿ ಅಂತ ಬರೆಯಲಿಕ್ಕೆ ನನಗೆ ಮೂರು ಸಲ ನೋಡಬೇಕಾಯಿತು. ಕುರಿಗೆ ಒತ್ತಕ್ಷರದ ಹೆಸರು ಇಡುವವಳು ಇಡೀ ಜಿಲ್ಲೆಯಲ್ಲಿ ನೀನೊಬ್ಬಳೇ.

ಮಾಮಿ


ಗುರುವಾಯನಕೆರೆ
14 ಜುಲೈ 2024

ಪ್ರೀತಿಯ ಮಾಮಿ,

ಮಳೆ ಒಂದೇ ಸಮನೆ ಸುರಿಯುತ್ತಿದೆ. ಶಾಲೆಗಳಿಗೆ ರಜೆ ಕೊಟ್ಟಿದ್ದಾರೆ. ಬಾಪನ ಅಂಗಡಿಯಲ್ಲಿ ಕೊಡೆ ಮುಗಿದು ಮತ್ತೆ ತರಿಸಿದರು. ಪತ್ರ ತಡವಾದದ್ದಕ್ಕೆ ಬೇಸರ ಮಾಡಬೇಡಿ, ಕೊಟ್ಟಿಗೆಯ ಕೆಲಸವೇ ಆಗುತ್ತದೆ.

ನೀವು ಹೇಳಿದ ಹಾಗೆ ಹಲಗೆಯ ಅಟ್ಟ ಮಾಡಿಸಿದ್ದೇನೆ. ರಬ್ಬರ್ ಮರದ ಹಲಗೆ. ಧರ್ಣಪ್ಪಣ್ಣನೇ ಬಂದು ಹೊಡೆದುಕೊಟ್ಟರು, 'ಸಾಯುವವರೆಗಾದರೂ ಬೆಚ್ಚಗೆ ಮಲಗಲಿ' ಎನ್ನುತ್ತಾ. ರಗಳೆ ಅವರ ಲುಂಗಿಯ ಅಂಚನ್ನು ಮೆಲ್ಲುತ್ತಿದ್ದದ್ದು ಅವರಿಗೆ ಮನೆಗೆ ಹೋದ ಮೇಲೆ ಗೊತ್ತಾಯಿತಂತೆ.

ಒಂದು ವಿಷಯ ಕಂಡುಹಿಡಿದಿದ್ದೇನೆ. ಮಳೆಯಲ್ಲಿ ತೋಯ್ದು ಬಂದರೂ ರಗಳೆಯ ಮೈ ಬೇಗ ಒಣಗುತ್ತದೆ. ಒಮ್ಮೆ ಜೋರಾಗಿ ಮೈ ಕೊಡವಿದರೆ ಅರ್ಧ ನೀರು ನನ್ನ ಮುಖಕ್ಕೆ, ಉಳಿದದ್ದು ಹೊಗೆಗೆ ಆರುತ್ತದೆ. ಉಣ್ಣೆ ಇದ್ದಿದ್ದರೆ ನೀರು ಹಿಡಿದುಕೊಂಡು ಕೂರುತ್ತಿತ್ತು. ಷಟ್ಪದಿಗೆ ಮಳೆಯೆಂದರೆ ಅಷ್ಟಕ್ಕಷ್ಟೆ, ಬಾಗಿಲಲ್ಲಿ ನಿಂತು ಅಂಗಳವನ್ನು ನೋಡಿ ಒಳಗೆ ತಿರುಗುತ್ತದೆ. ನಾನು ಕರೆದರೆ ಮಾತ್ರ ಬರುತ್ತದೆ.

ಎಲ್ಲ ಚೆನ್ನಾಗಿವೆ. ನಿಮ್ಮ ಕಾಲು ನೋವು ಹೇಗಿದೆ?

ನಿಮ್ಮ
ಫಾಹಿಮಾ


ಮೂಡುಬಿದಿರೆ
20 ಜುಲೈ 2024

ಫಾಹಿಮಾ,

ನನ್ನ ಕಾಲು ಹಾಗೇ ಉಂಟು. ಕಾಲಿನ ವಿಷಯ ಬಿಡು.

ಮೂರು ಕುರಿಯ ಹೆಸರು ಹೇಳದೆ ಪತ್ರ ಬರೆಯುವವಳಲ್ಲ ನೀನು. ಈ ಪತ್ರದಲ್ಲಿ ಎರಡೇ ಉಂಟು. ಕಂದ ಎಲ್ಲಿ?

ಕಿವಿ ಕೇಳದವರಿಗೆ ಕಣ್ಣು ಜಾಸ್ತಿ, ಗೊತ್ತಿರಲಿ. 'ಎಲ್ಲ ಚೆನ್ನಾಗಿವೆ' ಅಂತ ಬರೆಯುವಾಗ ನಿನ್ನ ಅಕ್ಷರ ಎಷ್ಟು ಸಣ್ಣ ಆಗಿದೆ ನೋಡಿಕೋ. ನೀನು ಸಣ್ಣವಳಿರುವಾಗ ಗ್ಲಾಸ್ ಒಡೆದರೂ ಹಾಗೇ, ಸ್ವರ ಸಣ್ಣ ಮಾಡಿ 'ಏನೂ ಆಗಲಿಲ್ಲ ಮಾಮಿ' ಅನ್ನುತ್ತಿದ್ದಿ.

ನಿನ್ನ ಬಾಪ ಮೊನ್ನೆ ಯಾರೋ ತೀರಿಹೋದರು ಅಂತ ಮೈಯತ್ತಿಗೆ ಮೂಡುಬಿದಿರೆಗೆ ಬಂದವನು ಇಲ್ಲಿಗೂ ಬಂದಿದ್ದ. ಸಣ್ಣ ಕುರಿ ಏಳುತ್ತಿಲ್ಲ, ಹುಡುಗಿ ಕೊಟ್ಟಿಗೆಯಲ್ಲೇ ಕೂತಿರ್ತಾಳೆ, ಊಟಕ್ಕೂ ಬರುವುದಿಲ್ಲ ಅಂತ ಚೀಟಿಯಲ್ಲಿ ಬರೆದು ತೋರಿಸಿದ. ಅವನ ಮುಖ ನೋಡಲಿಕ್ಕೆ ಆಗಲಿಲ್ಲ. ನಿನ್ನ ಮದುವೆ ವಿಷಯಕ್ಕೂ ಅವನು ಅಷ್ಟು ಸಣ್ಣ ಮುಖ ಮಾಡಿದವನಲ್ಲ.

ನಾನು ಮಾಡಬೇಕಾದ್ದು ಮಾಡಿದ್ದೇನೆ. ಏನು ಅಂತ ಕೇಳಬೇಡ. ನೀನು ಊಟ ಮಾಡು.

ಮಾಮಿ


ಗುರುವಾಯನಕೆರೆ
11 ಆಗಸ್ಟ್ 2024

ಮಾಮಿ, ಮಾಮಿ,

ಕಂದ ಎದ್ದಿತು! ಇವತ್ತು ಬೆಳಿಗ್ಗೆ ನಾನು ಬಾಗಿಲು ತೆರೆಯುವ ಮೊದಲೇ ಒಳಗಿನಿಂದ ಕೂಗಿತು. ಅಷ್ಟು ದಿನ ಅದರ ಸ್ವರವೇ ಇರಲಿಲ್ಲ. ನೋಡಿದರೆ ನಾಲ್ಕೂ ಕಾಲಿನ ಮೇಲೆ ನಿಂತು ರಗಳೆಯ ಪಾಲಿನ ಸೊಪ್ಪು ತಿನ್ನುತ್ತಿದೆ. ರಗಳೆ ಸುಮ್ಮನೆ ಬಿಟ್ಟುಕೊಟ್ಟಿದೆ. ಯಾರಿಗೂ ಏನನ್ನೂ ಬಿಡದ ಪ್ರಾಣಿ ಅದು.

ನಿಮಗೆ ಸುಳ್ಳು ಬರೆದೆ. ಜುಲೈ ಮೊದಲ ವಾರದಲ್ಲೇ ಕಂದನ ಮುಂಗಾಲಿನ ಗೊರಸಿನ ನಡುವೆ ಹುಣ್ಣಾಗಿತ್ತು. ವಾಸನೆ ಬರುತ್ತಿತ್ತು. ಆಮೇಲೆ ಜ್ವರ. ಬರೆದರೆ ನಿಜವಾಗಿಬಿಡುತ್ತದೆ ಎಂದು ಹೆದರಿ ಬರೆಯಲಿಲ್ಲ. ಬಾಪನಿಗೆ ಹೇಳಿದರೆ ಯಾರಿಗಾದರೂ ಕೊಟ್ಟುಬಿಡುವ ಅನ್ನುತ್ತಾರೆ ಎಂದು ಅವರಿಗೂ ಮೊದಲು ಹೇಳಲಿಲ್ಲ.

ಬೆಳ್ತಂಗಡಿಯ ಪಶು ಡಾಕ್ಟರಿಗೆ ನಾನೇ ಫೋನ್ ಮಾಡಿದೆ. ಎರಡು ಸಲ ಅವರು ಹಲೋ ಅಂದ ಕೂಡಲೇ ಇಟ್ಟುಬಿಟ್ಟೆ. ಮೂರನೆಯ ಸಲ ಬಾಯಿಂದ 'ಕುರಿ' ಅಂತ ಒಂದೇ ಶಬ್ದ ಬಂತು. 'ಕುರಿಯಾ ಮಾತಾಡುವುದು?' ಎಂದು ಕೇಳಿದರು ಡಾಕ್ಟರಮ್ಮ. ನನಗೆ ನಗು ಬಂತು. ನಕ್ಕ ಮೇಲೆ ಎಲ್ಲವನ್ನೂ ಹೇಳಲು ಆಯಿತು.

ಅವರು ಆ ಮಳೆಯಲ್ಲಿ ಸ್ಕೂಟರಿನಲ್ಲಿ ಬಂದರು. ಗೊರಸು ಕೆತ್ತಿ, ಕೊಳೆತದ್ದನ್ನು ತೆಗೆದು, ಇಂಜೆಕ್ಷನ್ ಕೊಟ್ಟರು. ತೋಟಕ್ಕೆ ಬಿಡುವ ಮೈಲುತುತ್ತನ್ನು ನೀರಿನಲ್ಲಿ ಕರಗಿಸಿ ದಿನವೂ ಕಾಲು ಅದ್ದಿಸಲು ಹೇಳಿದರು. ಆ ನೀರನ್ನು ಮಾತ್ರ ಕುಡಿಯಲು ಬಿಡಬಾರದಂತೆ, ಕುರಿಗೆ ಅದು ವಿಷ. ನಾನು ಕಾಲು ಅದ್ದಿಸುವಷ್ಟು ಹೊತ್ತೂ ಅದರ ಮೂತಿಯನ್ನು ನನ್ನ ಕೈಯಲ್ಲೇ ಹಿಡಿದುಕೊಂಡು ಕುಳಿತಿರುತ್ತಿದ್ದೆ. ಹೋಗುವಾಗ ಡಾಕ್ಟರಮ್ಮ ಅಟ್ಟವನ್ನು ನೋಡಿ, 'ಇದು ಯಾರು ಹೇಳಿಕೊಟ್ಟದ್ದು? ಇದರಿಂದಲೇ ಉಳಿದ ಎರಡಕ್ಕೆ ಹಿಡಿಯಲಿಲ್ಲ' ಅಂದರು. ನಮ್ಮ ಮಾಮಿ ಎಂದೆ.

ಇನ್ನೂ ಒಂದು ಸಂತೋಷದ ಸಂಗತಿ. ಬಾಪನಿಗೆ ರಗಳೆಯ ಮೇಲೆ ಪ್ರೀತಿ ಬಂದಿದೆ! ಅಂಗಡಿಯಿಂದ ಬರುವಾಗ ಅದಕ್ಕೆಂದೇ ಹಿಂಡಿ ತರುತ್ತಾರೆ, ತಾವೇ ನಿಂತು ತಿನ್ನಿಸುತ್ತಾರೆ. ಬೆನ್ನು ತಟ್ಟಿ 'ಒಳ್ಳೆ ಮೈ ಹಿಡಿದಿದೆ' ಅನ್ನುತ್ತಾರೆ. ಇಷ್ಟು ಬೇಗ ಒಪ್ಪಿಕೊಳ್ಳುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ.

ನಿಮ್ಮ
ಫಾಹಿಮಾ


ಮೂಡುಬಿದಿರೆ
19 ಆಗಸ್ಟ್ 2024

ಫಾಹಿಮಾ ಮೋಳೇ,

ಅಲ್‌ಹಮ್ದುಲಿಲ್ಲಾಹ್! ನಿನ್ನ ಪತ್ರ ಓದಿ ನಾನು ಒಬ್ಬಳೇ ಅಡುಗೆಕೋಣೆಯಲ್ಲಿ ದೊಡ್ಡದಾಗಿ ಕೂಗಿದೆನಂತೆ. ಪಕ್ಕದ ಮನೆಯ ಜಸ್ನಾ ಹೆದರಿ ಓಡಿಬಂದಳು.

ಈಗ ಹೇಳ್ತೇನೆ ಕೇಳು, ನಾನು ಏನು ಮಾಡಿದ್ದೆ ಅಂತ. ನಿನ್ನ ಬಾಪ ಬಂದು ಹೋದ ಮರುದಿನವೇ ದರ್ಗಾಕ್ಕೆ ಹೋಗಿ ನೇರ್ಚೆ ಹೇಳಿಕೊಂಡೆ. 'ಈ ಮಳೆಗಾಲ ಮೂರೂ ಕುರಿ ಉಳಿದರೆ, ಅದರಲ್ಲಿ ಟಗರನ್ನು ನವೆಂಬರಿನ ಉರೂಸಿನ ಊಟಕ್ಕೆ ಕೊಡ್ತೇನೆ' ಅಂತ. ನೋಡಿದಿಯಾ? ಫಲ ಬಂತಾ ಇಲ್ಲವಾ? ಡಾಕ್ಟರಮ್ಮನ ಇಂಜೆಕ್ಷನ್ ಒಂದು ಕಡೆ, ನನ್ನ ನೇರ್ಚೆ ಒಂದು ಕಡೆ.

ಶುಕೂರನಿಗೂ ಆಗಲೇ ತಿಳಿಸಿದ್ದೆ. ಅವನು ಸಂತೋಷದಿಂದ ಒಪ್ಪಿದ. ಉರೂಸ್ ಕಮಿಟಿಯ ಉಮ್ಮರಾಕನಿಗೂ ಹೇಳಿಯಾಗಿದೆ. ಅಂಥ ಟಗರು ಈ ಸಲ ಯಾರೂ ಕೊಡುವವರಿಲ್ಲವಂತೆ. ಹಿಂಡಿ ಹಾಕುತ್ತಿರಲಿ.

ಒಂದು ಹೋದರೂ ಎರಡು ಉಳಿಯಿತು. ಹೋಗುವುದೂ ರಗಳೆಯೇ. ನಿನ್ನ ಉಮ್ಮನ ಶಾಲೂ ಉಳಿಯಿತು.

ಮಾಮಿ


ಗುರುವಾಯನಕೆರೆ
30 ಸೆಪ್ಟೆಂಬರ್ 2024

ಮಾನ್ಯ ಮಾಮಿಯವರಿಗೆ,

ಅಸ್ಸಲಾಮು ಅಲೈಕುಂ. ಪತ್ರ ತಲುಪಿದೆ. ಮಳೆ ಕಡಿಮೆಯಾಗಿದೆ. ಕುರಿಗಳು ಆರೋಗ್ಯವಾಗಿವೆ. ಉಮ್ಮ ನಿಮಗೆ ಸಲಾಂ ಹೇಳಿದ್ದಾರೆ.

ಇತಿ,
ಫಾಹಿಮಾ


ಮೂಡುಬಿದಿರೆ
7 ಅಕ್ಟೋಬರ್ 2024

ಮೋಳೇ,

ಇದು ಯಾವ ಪತ್ರ? ಕರೆಂಟಿನವರು ಬಿಲ್ಲು ಕಳಿಸಿದ ಹಾಗೆ ಉಂಟು. 'ಮಾನ್ಯ' ಅಂತೆ. ನಾನು ಯಾವಾಗ ಮಾನ್ಯ ಆದೆ?

ನಾನು ತುಂಬ ಯೋಚನೆ ಮಾಡಿದೆ. ನಿನಗೆ ನಾಚಿಕೆ ಅಂತ ಕಾಣ್ತದೆ. ಟಗರಿನ ಕೊರಳಿಗೆ ಹಾರ ಹಾಕಿ ಮೂಡುಬಿದಿರೆ ಪೇಟೆಯಲ್ಲಿ ಕರೆದುಕೊಂಡು ಬರುವಾಗ ಎಲ್ಲರೂ ನೋಡ್ತಾರೆ ಅಂತ ತಾನೇ? ನೀನು ಬರುವುದು ಬೇಡ. ಕಮಿಟಿಯವರು ಅಸ್ಕರನ ಜೀಪ್ ಕಳಿಸ್ತಾರೆ, ಅವನೇ ಹತ್ತಿಸಿಕೊಂಡು ಬರ್ತಾನೆ. ನೀನು ಮನೆಯಲ್ಲೇ ಇರು, ಯಾರ ಮುಖವೂ ನೋಡುವುದು ಬೇಡ. ಇಷ್ಟಕ್ಕೆಲ್ಲ ಮಾತು ಬಿಡುವುದಾ?

ಅದಲ್ಲದಿದ್ದರೆ ಏನು ಅಂತ ಬರಿ. ಹೇಳದಿದ್ದರೆ ನನಗೆ ಹೇಗೆ ಗೊತ್ತಾಗಬೇಕು. ಈಗ ನಿನ್ನ ಅಕ್ಷರ ಸಣ್ಣದೂ ಇಲ್ಲ, ದೊಡ್ಡದೂ ಇಲ್ಲ. ಟೈಪ್ ಮಾಡಿದ ಹಾಗೆ ಉಂಟು. ಅದನ್ನು ಓದಲಿಕ್ಕೆ ನನಗೆ ಬರುವುದಿಲ್ಲ.

ಬರುವ ವಾರ ಉಮ್ಮರಾಕ, ದರ್ಗಾದ ಉಸ್ತಾದರು ಎಲ್ಲ ಟಗರು ನೋಡಲಿಕ್ಕೆ ನಿಮ್ಮಲ್ಲಿಗೆ ಬರ್ತಾರೆ. ಚಹಾಕ್ಕೆ ಏನಾದರೂ ಮಾಡಿಡು.

ಮಾಮಿ


ಗುರುವಾಯನಕೆರೆ
20 ಅಕ್ಟೋಬರ್ 2024

ಪ್ರೀತಿಯ ಮಾಮಿ,

ಈ ಪತ್ರ ಓದುವ ಮೊದಲು ಕುಳಿತುಕೊಳ್ಳಿ. ಉಮ್ಮರಾಕ ಇಷ್ಟರಲ್ಲೇ ನಿಮಗೆ ಹೇಳಿರುತ್ತಾರೆ, ಆದರೆ ಚೀಟಿಯಲ್ಲಿ ಬರೆದು ತೋರಿಸುವಾಗ ಅವರು ಅರ್ಧ ಬಿಟ್ಟಿರುತ್ತಾರೆ. ಪೂರ್ತಿ ನಾನೇ ಬರೆಯುತ್ತೇನೆ.

ಗುರುವಾರ ಮಧ್ಯಾಹ್ನ ಬಂದರು. ಉಮ್ಮರಾಕ, ಉಸ್ತಾದರು, ಜೀಪಿನ ಅಸ್ಕರ್. ಬಾಪ ಅಂಗಡಿ ಮುಚ್ಚಿ ಬಂದಿದ್ದರು. ರಗಳೆಯನ್ನು ಅಂಗಳಕ್ಕೆ ತಂದು ನಿಲ್ಲಿಸಿದರು. ಬಿಸಿಲಿಗೆ ಅದರ ಮೈ ಹೊಸ ತಾಮ್ರದ ಚೆಂಬಿನ ಹಾಗೆ ಹೊಳೆಯುತ್ತಿತ್ತು. ಉಮ್ಮರಾಕ ಬೆನ್ನೆಲುಬಿನ ಮೇಲೆ ಕೈಯಾಡಿಸಿ ನೋಡಿ, 'ಶುಕೂರಾಕ, ಇದನ್ನು ಆ ಮಳೆಯಲ್ಲಿ ಹೇಗೆ ಉಳಿಸಿದಿರಿ ಮಾರಾಯ್ರೆ?' ಅಂದರು. ಬಾಪ ನಕ್ಕರು. ನಾನು ಉಳಿಸಿದ್ದು ಎಂದು ಅವರೂ ಹೇಳಲಿಲ್ಲ, ಬಾಗಿಲ ಹಿಂದೆ ಚಹಾದ ಟ್ರೇ ಹಿಡಿದು ನಿಂತಿದ್ದ ನಾನೂ ಹೇಳಲಿಲ್ಲ.

ರಗಳೆಗೆ ಮಾತ್ರ ನಾನು ಎಲ್ಲಿದ್ದೇನೆಂದು ಗೊತ್ತಿತ್ತು. ಬಾಗಿಲ ಕಡೆಗೇ ಮುಖ ಮಾಡಿ ನಿಂತಿತ್ತು.

ಬಾಪ ಯಾಕೆ ಹಿಂಡಿ ತರುತ್ತಿದ್ದರು ಎಂಬುದು ನಿಮ್ಮ ಆಗಸ್ಟ್ ತಿಂಗಳ ಪತ್ರ ಓದಿದ ದಿನವೇ ಅರ್ಥವಾಗಿತ್ತು. ಅದೇ ಸಂಜೆ ಅವರು ಹಿಂಡಿಯ ಬಕೆಟ್ ಹಿಡಿದು ಬಂದಾಗ ನಾನು ಕೊಟ್ಟಿಗೆಯಿಂದ ಎದ್ದುಹೋದೆ. ನಿಮ್ಮ ಮಾತನ್ನು ಅವರು ಮೀರುವುದಿಲ್ಲ, ನಾನು ಅವರ ಮಾತನ್ನು ಮೀರುವುದಿಲ್ಲ. ಹಾಗೆ ಎಲ್ಲರೂ ಸುಮ್ಮನಿದ್ದು ರಗಳೆಯನ್ನು ಜೀಪಿನವರೆಗೆ ತಂದು ನಿಲ್ಲಿಸಿದ್ದೆವು.

ಚಹಾ ಕುಡಿಯುವಾಗ ಉಸ್ತಾದರು ಕೇಳಿದರು: 'ಯಾರ ಹೆಸರಿನಲ್ಲಿ ದುಆ ಮಾಡುವುದು? ಕುರಿ ಯಾರದ್ದು?'

ಉಮ್ಮರಾಕ ನಿಮ್ಮ ಹೆಸರು ಹೇಳಿ, 'ಪಾತುಮ್ಮಾದರದ್ದು ನೇರ್ಚೆ' ಅಂದರು.

'ನೇರ್ಚೆ ಯಾರದ್ದು ಅಂತ ಗೊತ್ತುಂಟು. ಕುರಿ ಯಾರದ್ದು ಅಂತ ಕೇಳಿದ್ದು.'

ಬಾಪ, 'ಮನೆಯದ್ದೇ ಉಸ್ತಾದ್, ನನ್ನದೇ ಅಂತ ಇಟ್ಟುಕೊಳ್ಳಿ' ಅಂದರು.

ಮಾಮಿ, ಟ್ರೇಯನ್ನು ಎಲ್ಲಿಟ್ಟೆ ಎಂದು ನನಗೆ ಈಗಲೂ ನೆನಪಿಲ್ಲ. ಶಾಲನ್ನು ತಲೆಯ ಮೇಲೆ ಸರಿಮಾಡಿಕೊಂಡು ಜಗಲಿಗೆ ಬಂದಿದ್ದೆ. ಎಲ್ಲರೂ ಚಹಾ ತಂದಳು ಅಂದುಕೊಂಡರು. ಕೈ ಖಾಲಿ ಇರುವುದನ್ನು ನೋಡಿ ಬಾಪ, 'ಏನು?' ಅಂದರು.

'ನನ್ನದು' ಅಂದೆ.

ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟ. 'ಆ ಟಗರು ನನ್ನದು. ಉನೈಸ್ ಕಾಕ ನನಗೆ ಹದಿಯಾ ಕೊಟ್ಟದ್ದು, ಉಡುಗೊರೆ. ಮೂರೂ ನನ್ನದೇ.'

ಉಮ್ಮರಾಕ ನಕ್ಕು, 'ಮಕ್ಕಳು ಹಾಗೆ ಹೇಳ್ತಾರೆ ಉಸ್ತಾದ್, ಪ್ರೀತಿಯಲ್ಲಿ' ಅಂದರು. ಉಸ್ತಾದರು ನಗಲಿಲ್ಲ. 'ಉನೈಸನಿಗೆ ಒಂದು ಫೋನ್ ಮಾಡಿ' ಅಂದರು. ಬಾಪ ಮಾಡಿದರು, ಸ್ಪೀಕರ್ ಹಾಕಿದರು. ಉನೈಸ್ ಕಾಕ ಯಾವುದೋ ಸೈಟಿನಲ್ಲಿದ್ದ, ಹಿಂದೆ ಗಡಗಡ ಶಬ್ದ. 'ಎಂಥದ್ದು ಬಾಪಾ, ಕುರಿ ಯಾರದ್ದು ಅಂತ ಕೇಳಲಿಕ್ಕೆ ಫೋನಾ? ಫಾಹಿಮಾಳಿಗೇ ಕೊಟ್ಟದ್ದು. ಮನೆಗೆ ಕೊಡುವುದಾದರೆ ನಾನು ಫ್ರಿಜ್ಜು ಕೊಡ್ತಿದ್ದೆ' ಅಂದ.

ಒಳಗೆ ಉಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕದ್ದು ನನಗೆ ಕೇಳಿಸಿತು.

ಆಗ ಉಸ್ತಾದರು ಲೋಟ ಕೆಳಗಿಟ್ಟು ಹೇಳಿದರು: 'ತನ್ನದಲ್ಲದ್ದಕ್ಕೆ ಯಾರೂ ನೇರ್ಚೆ ಹೇಳಲಿಕ್ಕೆ ಆಗುವುದಿಲ್ಲ. ಪಾತುಮ್ಮಾದರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಅದು ನಿಲ್ಲುವುದಿಲ್ಲ. ಈ ಹುಡುಗಿ ತಾನಾಗಿ ಕೊಟ್ಟರೆ ತೆಗೆದುಕೊಂಡು ಹೋಗುವ. ಇಲ್ಲದಿದ್ದರೆ ಚಹಾ ಕುಡಿದದ್ದೇ ಬರ್ಕತ್ತು.'

ಎಲ್ಲರೂ ನನ್ನನ್ನು ನೋಡಿದರು. ನನ್ನ ಜೀವಮಾನದಲ್ಲಿ ಅಷ್ಟು ಜನ ಒಟ್ಟಿಗೆ ನನ್ನ ಮುಖ ನೋಡಿದ್ದಿಲ್ಲ. ಕೊಡುತ್ತೇನೆ ಅಂದಿದ್ದರೆ ಎಲ್ಲರೂ ಮಾಶಾ ಅಲ್ಲಾಹ್ ಅನ್ನುತ್ತಿದ್ದರು, ಬಾಪನ ಮುಖ ಉಳಿಯುತ್ತಿತ್ತು, ನೀವು ಸಂತೋಷಪಡುತ್ತಿದ್ದಿರಿ. ಕಂದ ಏಳದೆ ಮಲಗಿದ್ದಾಗ ರಗಳೆ ಅದರ ಪಕ್ಕದಲ್ಲೇ, ಅದಕ್ಕೆ ತಾಗಿಕೊಂಡು ಮಲಗುತ್ತಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಲ್ಲಿಯೂ ಹೇಳಲಿಲ್ಲ.

'ಕೊಡುವುದಿಲ್ಲ' ಅಂದೆ. ಇದು ಮಾತ್ರ ಒಂದೇ ಸಲಕ್ಕೆ ಎಲ್ಲರಿಗೂ ಕೇಳಿಸಿತು. ಬೇಲಿಯ ಆಚೆ ನಿಂತಿದ್ದ ಧರ್ಣಪ್ಪಣ್ಣನಿಗೂ.

ಜೀಪು ಖಾಲಿ ಹೋಯಿತು. ರಾತ್ರಿ ಊಟಕ್ಕೆ ಕುಳಿತಾಗ ಬಾಪ, 'ಅಕ್ಕನಿಗೆ ನೀನೇ ಬರಿ, ನನಗೆ ಧೈರ್ಯ ಇಲ್ಲ' ಅಂದರು. ಹಾಗೆ ಹೇಳುವಾಗ ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಏನಿತ್ತು ಎಂದು ನನಗೆ ಹೇಳಲು ಬರುವುದಿಲ್ಲ.

ನಾಚಿಕೆಯಿಂದ ನಾನು ಮಾತು ಬಿಟ್ಟದ್ದಲ್ಲ ಮಾಮಿ. ನನ್ನ ಕುರಿ ಉಳಿಯಲಿ ಎಂದು ನೀವು ನನ್ನ ಕುರಿಯನ್ನೇ ಹೇಳಿಕೊಂಡಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲ. ಅದು ನೋವಾಯಿತು. ನೇರ್ಚೆ ಬಾಕಿ ಉಳಿಯಿತು ಎಂದು ನಿಮಗೆ ಮನಸ್ಸಿಗೆ ಭಾರವಾಗುತ್ತದೆ, ಅದೂ ನನಗೆ ಗೊತ್ತು. ಆದರೂ ಕೊಡುವುದಿಲ್ಲ.

ನಿಮ್ಮ
ಫಾಹಿಮಾ


ಮೂಡುಬಿದಿರೆ
4 ನವೆಂಬರ್ 2024

ಫಾಹಿಮಾ,

ನನಗೆ ಸಿಟ್ಟು ಬಂದಿತ್ತು. ತುಂಬಾ. ನಿನ್ನ ಪತ್ರವನ್ನು ಅಕ್ಕಿ ಡಬ್ಬದ ಕೆಳಗೆ ಹಾಕಿಟ್ಟೆ. ಯಾರ ಹತ್ತಿರವೂ ಹೇಳಲಿಲ್ಲ. ನೇರ್ಚೆ ಹೇಳಿ ಕೊಡದವಳು ಅಂತ ನಾಳೆ ಜನ ಹೇಳ್ತಾರೆ ಅಂತ ನಿದ್ದೆ ಬರಲಿಲ್ಲ.

ಆಮೇಲೆ ಇಲ್ಲಿ ನಮ್ಮ ಮಸೀದಿಯ ಉಸ್ತಾದರ ಮನೆಗೆ ನಾನೇ ಹೋದೆ. ಅವರು ಮಗುವಿನ ಸ್ಲೇಟಿನಲ್ಲಿ ದೊಡ್ಡದಾಗಿ ಬರೆದು ತೋರಿಸಿದರು. ಅವರದ್ದೂ ಅದೇ ಮಾತು. ನನ್ನದಲ್ಲದ್ದು ನನ್ನ ನೇರ್ಚೆಗೆ ಬರುವುದಿಲ್ಲ. ನನ್ನ ಮೇಲೆ ಏನೂ ಬಾಕಿ ಇಲ್ಲ. ಮನಸ್ಸಿಗೆ ಸಮಾಧಾನ ಬೇಕಾದರೆ ನನ್ನದೇ ಏನಾದರೂ ಕೊಡಬಹುದು ಅಂತ.

ಮನೆಗೆ ಬಂದು, ನನ್ನದು ಅಂತ ಏನು ಉಂಟು ಅಂತ ನೋಡಿದೆ. ಮನೆ ಮಗನ ಹೆಸರಿನಲ್ಲಿ, ಮಂಚ ಸೊಸೆಯದ್ದು. ಅಂಗಳದಲ್ಲಿ ನನ್ನ ಕೆಂಪು ಹುಂಜ ಉಂಟು. ಅದು ಪೂರ್ತಿ ನನ್ನದು. ಯಾಕೆಂದರೆ ಅದು ಕುಕ್ಕುವುದು ನನ್ನನ್ನು ಮಾತ್ರ. ಅದನ್ನೇ ಕೊಟ್ಟೆ. ಉಮ್ಮರಾಕ ಮುಖ ಸಪ್ಪೆ ಮಾಡಿ ತೆಗೆದುಕೊಂಡು ಹೋದ. ದಾರಿಯಲ್ಲಿ ಅವನನ್ನೂ ಕುಕ್ಕಿತಂತೆ. ನನಗೆ ಸಮಾಧಾನ ಆಯಿತು.

ಆ ಸಂಜೆ ನಿನ್ನ ಪತ್ರ ಮತ್ತೆ ತೆಗೆದು ಓದಿದೆ. 'ಕೊಡುವುದಿಲ್ಲ' ಅಂತ ಬರೆದಲ್ಲಿ ನಿನ್ನ ಅಕ್ಷರ ನೋಡಿದೆ. ಇಷ್ಟು ವರ್ಷದಲ್ಲಿ ನಿನ್ನ ಕೈಯಿಂದ ಅಷ್ಟು ದೊಡ್ಡ ಅಕ್ಷರ ನಾನು ನೋಡಿದ್ದಿಲ್ಲ. ಜಸ್ನಾಳಿಗೆ ತೋರಿಸಿದೆ. ಅವಳ ಅತ್ತೆಗೂ ತೋರಿಸಿದೆ. 'ನನ್ನ ತಮ್ಮನ ಮಗಳು ಉಸ್ತಾದರ ಎದುರು, ಕಮಿಟಿಯ ಎದುರು, ಬಾಪನ ಎದುರು ಹೇಳಿದ್ದು ಇದು' ಅಂದೆ. ಈಗ ಈ ಬೀದಿಯ ಹೆಂಗಸರೆಲ್ಲ ನಿನ್ನನ್ನು ನೋಡಬೇಕು ಅಂತ ಹೇಳ್ತಿದ್ದಾರೆ. ನೋಡಿದರೆ ಅವರಿಗೆ ನಂಬಿಕೆ ಬರುವುದಿಲ್ಲ, ಅದು ಬೇರೆ.

ನಿನ್ನನ್ನು ಕೇಳಬೇಕಿತ್ತು. ಕೇಳಲಿಲ್ಲ. ಮನೆಯ ಹೆಣ್ಣು ಮಕ್ಕಳನ್ನು ಯಾರೂ ಕೇಳುವ ಕ್ರಮ ಇಲ್ಲ, ನನ್ನನ್ನೂ ಯಾವತ್ತೂ ಕೇಳಿದವರಿಲ್ಲ. ಹಾಗಾಗಿ ನೆನಪೇ ಆಗಲಿಲ್ಲ.

ರಗಳೆಗೆ ಸಲಾಂ ಹೇಳು.

ಮಾಮಿ


ಗುರುವಾಯನಕೆರೆ
24 ನವೆಂಬರ್ 2024

ಪ್ರೀತಿಯ ಮಾಮಿ,

ನಿಮ್ಮ ಪತ್ರವನ್ನು ಊಟದ ಹೊತ್ತಿಗೆ ಎಲ್ಲರಿಗೂ ಓದಿ ಹೇಳಿದೆ. ಹುಂಜ ಉಮ್ಮರಾಕನನ್ನು ಕುಕ್ಕಿದಲ್ಲಿ ಬಾಪನಿಗೆ ಅನ್ನ ನೆತ್ತಿಗೆ ಹತ್ತಿತು. ಕೊನೆಯ ಭಾಗವನ್ನು ಓದಲಿಲ್ಲ, ನಾನೇ ಇಟ್ಟುಕೊಂಡೆ.

ಮಳೆ ಪೂರ್ತಿ ಹೋಯಿತು. ಮೂರೂ ಉಳಿದವು. ಮೂರಲ್ಲ, ನಾಲ್ಕು. ಕಳೆದ ಸೋಮವಾರ ಷಟ್ಪದಿ ಮರಿ ಹಾಕಿತು, ಹೆಣ್ಣು ಮರಿ. ಹೊಟ್ಟೆ ದೊಡ್ಡದಾಗುತ್ತಿರುವುದು ಕಂಡರೂ ಕಣ್ಣು ಬೀಳುತ್ತದೆ ಎಂದು ಉಮ್ಮ ಯಾರಿಗೂ ಬರೆಯಲು ಬಿಡಲಿಲ್ಲ. ಮೈಯೆಲ್ಲ ಬೆಲ್ಲದ ಬಣ್ಣ, ಒಂದು ಕಿವಿ ಬಿಳಿ. ಹುಟ್ಟಿ ಸ್ವಲ್ಪ ಹೊತ್ತಿಗೇ ಎದ್ದು ನಿಂತು, ತಾಯಿಯ ಬದಲು ರಗಳೆಯ ಹೊಟ್ಟೆಯ ಕೆಳಗೆ ಹಾಲು ಹುಡುಕಿತು. ರಗಳೆ ದಿಕ್ಕು ತೋಚದೆ ನನ್ನ ಮುಖ ನೋಡಿತು.

ಧರ್ಣಪ್ಪಣ್ಣ ಬೇಲಿ ದಾಟಿ ಒಳಗೇ ಬಂದರು. ಮರಿಯನ್ನು ಎತ್ತಿಕೊಂಡು ಗೊರಸನ್ನು ಒಂದೊಂದಾಗಿ ನೋಡಿ, 'ಮುಂದಿನದ್ದು ನನಗೊಂದು ಕೊಡಬೇಕು' ಎಂದರು. ಎಲ್ಲರೂ ಬಾಪನನ್ನು ಕೇಳುತ್ತಾರಲ್ಲ, ಅವರು ನನ್ನ ಕಡೆಗೆ ತಿರುಗಿ ಕೇಳಿದರು. 'ಕಡಿಯಲಿಕ್ಕಾ, ಸಾಕಲಿಕ್ಕಾ?' ಎಂದೆ. 'ಸಾಕಲಿಕ್ಕೆ ಮಾರಾಯ್ತಿ, ನನ್ನ ಹೆಂಡತಿಗೆ ಸಂಜೆ ಮಾತಾಡಲಿಕ್ಕೆ ಯಾರೂ ಇಲ್ಲ' ಅಂದರು. ನೋಡುವ ಎಂದೆ. ಬಾಪ ಹೇಳುವ ಹಾಗೆಯೇ ಹೇಳಿದೆ.

ಬಾಪನ ಅಂಗಡಿಯಲ್ಲಿ ಈಗ ಯಾರಾದರೂ ಕುರಿಯ ವಿಷಯ ತೆಗೆದರೆ, 'ಅದು ನನ್ನ ಮಗಳದ್ದು, ಅವಳನ್ನೇ ಕೇಳಿ' ಅನ್ನುತ್ತಾರಂತೆ. ಬಂದವರು ನಿಜವಾಗಿಯೂ ಕೇಳಲು ಮನೆಗೆ ಬರುತ್ತಾರೆ. ನಾನು ಜಗಲಿಗೆ ಬಂದು ಉತ್ತರ ಹೇಳುತ್ತೇನೆ. ಮೊದಲ ವಾಕ್ಯವನ್ನು ಈಗಲೂ ಎರಡು ಸಲ ಹೇಳಬೇಕಾಗುತ್ತದೆ, ಎರಡನೆಯದು ಒಂದೇ ಸಲಕ್ಕೆ ಕೇಳಿಸುತ್ತದೆ. ಹಿಂಡಿ ಮಾತ್ರ ಬಾಪ ಈಗಲೂ ತರುತ್ತಾರೆ. ನಾನು ಯಾಕೆ ಎಂದು ಕೇಳಿದರೆ, 'ಅಭ್ಯಾಸ ಆಯಿತು' ಅನ್ನುತ್ತಾರೆ. ರಗಳೆಗೋ ತಮಗೋ ಹೇಳಲಿಲ್ಲ.

ಇನ್ನೊಂದು ವಿಷಯ ಇಲ್ಲಿ ಯಾರಿಗೂ ಹೇಳಿಲ್ಲ. ಬೆಳಿಗ್ಗೆ ಮರಿ ನನ್ನ ಮಡಿಲಲ್ಲಿ ಮಲಗಿದ್ದಾಗ ತೀರ್ಮಾನಿಸಿದೆ.

ಅದಕ್ಕೆ ನಾನು ಹೆಸರಿಡಲಿಲ್ಲ. ಇಡುವುದೂ ಇಲ್ಲ. ಫೆಬ್ರವರಿಯಲ್ಲಿ ಹಾಲು ಬಿಟ್ಟ ಮೇಲೆ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ನಾನೊಬ್ಬಳೇ ಮೂಡುಬಿದಿರೆಯ ಬಸ್ಸು ಹತ್ತುತ್ತೇನೆ. ಕಂಡಕ್ಟರ್ ಏನಾದರೂ ಅಂದರೆ ಅವನ ಹತ್ತಿರ ಮಾತಾಡಿಕೊಳ್ಳುತ್ತೇನೆ. ಮರಿ ನಿಮಗೆ ಹದಿಯಾ. ಮಗನ ಮನೆಗಲ್ಲ, ಸೊಸೆಗಲ್ಲ, ನಿಮಗೆ. ಸಾಕುತ್ತೀರೋ, ಜಸ್ನಾಳಿಗೆ ಕೊಡುತ್ತೀರೋ, ಮುಂದಿನ ಉರೂಸಿಗೆ ಹೇಳಿಕೊಳ್ಳುತ್ತೀರೋ, ಅದು ನಿಮಗೆ ಬಿಟ್ಟದ್ದು. ನಾನು ಕೇಳುವುದಿಲ್ಲ.

ನಿಮ್ಮ
ಫಾಹಿಮಾ